ಇಬ್ಬರಿಗೂ ಒಂದೇ ಜೋಡಿ ಚಪ್ಪಲಿ

ಮೊನ್ನೆ ಸ್ನೇಹಾ ನನ್ನ ಟ್ರಂಕಿನಲ್ಲಿ ಹಳೆಯ ಇಳಕಲ್ ಸೀರೆ ಹುಡುಕಲು ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಚಪ್ಪಲಿಯನ್ನು ಹೊರಗೆ ತೆಗೆದಳು. ಎಡಗಾಲಿನದು. ಹೊಸದು. ಅಟ್ಟೆಯ ಮೇಲೆ ಅಂಗಡಿಯವನು ಅಂಟಿಸಿದ ಚೀಟಿ ಕೂಡ ಕಿತ್ತಿಲ್ಲ. ಮೂಸಿ ನೋಡಿದಳು, ಇನ್ನೂ ರಬ್ಬರಿನ ವಾಸನೆ ಇತ್ತು.

"ಆಯೀ, ಇದರ ಜೋಡಿ ಎಲ್ಲೈತಿ?"

"ಸವದ ಹೋಗೇತಿ."

"ಒಂದ ಸವದು ಒಂದ ಹೊಸಾದ ಹ್ಯಾಂಗ ಉಳೀತದ? ಅದೂ ಎಡಗಾಲಿಂದು. ನಿನಗ ಎಡಗಾಲ ಇಲ್ಲಲ್ಲ!" ಎಂದವಳು ನಾಲಿಗೆ ಕಚ್ಚಿಕೊಂಡಳು. ಪವನ ಬಾಗಿಲ ಮರೆಗೆ ಹೋಗಿ ನಕ್ಕ.

ಮೊಮ್ಮಕ್ಕಳೇ, ಕಾಲಿಲ್ಲ ಅಂದರೆ ಆಯಿಗೆ ಬೇಸರವಾಗುತ್ತದೆ ಎಂದು ನಿಮ್ಮ ಅವ್ವ ಕಲಿಸಿದ್ದಾಳೆ. ಬೇಸರವೇನೂ ಇಲ್ಲ. ಇಲ್ಲದ ಕಾಲನ್ನು ಇಲ್ಲ ಎನ್ನದೆ ಮತ್ತೇನು ಎನ್ನಬೇಕು? "ತಡಿ, ಹೇಳ್ತೀನಿ" ಎಂದೆ. ಹೇಳಲಿಲ್ಲ. ಎದುರಿಗೆ ಕೂತು ಬಾಯಿ ಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬರೆದರೆ ನಾನು ಯಾರ ಮುಖವನ್ನೂ ನೋಡಬೇಕಿಲ್ಲ, ಓದುವಾಗ ನೀವೂ ನನ್ನ ಮುಖ ನೋಡಬೇಕಿಲ್ಲ. ಹೊಸರಿತ್ತಿ ಕಡೆಯ ನನ್ನ ತವರೂರಿನ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತ ಅಕ್ಷರ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆ ಶಾಲೆಯಲ್ಲಿ ಹಾಜರಿ ಕೂಗಿದಾಗ ನಾನು "ಹಾಜರ್ ರೀ" ಎನ್ನುವುದು ಪಕ್ಕದ ಹುಡುಗಿಗೂ ಕೇಳುತ್ತಿರಲಿಲ್ಲ. ಗುರುಗಳು ಎಷ್ಟೋ ದಿನ ನನ್ನನ್ನು ಎದುರಿಗೇ ಇಟ್ಟುಕೊಂಡು ಗೈರುಹಾಜರಿ ಹಾಕಿದ್ದಾರೆ. ಕಾಲಿಗೆ ಜಾಲಿಮುಳ್ಳು ಚುಚ್ಚಿ ಕುಂಟುತ್ತ ಹೋದಾಗ, "ಯಾಕಬೇ ಗೌರೀ, ಏನಾತು?" ಎಂದು ಕೇಳಿದರೆ "ಏನಿಲ್ರೀ" ಎಂದು ಕೂತುಬಿಟ್ಟೆ. ಸಂಜೆಗೆ ಪಾದ ಕುಂಬಳಕಾಯಿ ಆಗಿತ್ತು. ನಮ್ಮವ್ವ ಪಿನ್ನಿನಿಂದ ಮುಳ್ಳು ತೆಗೆದು, ದೀಪದಲ್ಲಿ ಕಾಯಿಸಿದ ಔಡಲೆಣ್ಣೆ ಬಿಟ್ಟು, "ಬಾಯಿ ಇಲ್ಲದ ದನಾನೂ ಅಂಬಾ ಅಂತದ" ಎಂದು ಬೈದಳು.

ಚಪ್ಪಲಿ ಎಂಬುದು ಆಗ ಇರಲೇ ಇಲ್ಲ. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಬರಿಗಾಲಲ್ಲಿ ನಡೆದರೆ, ಒಂದು ಹೆಜ್ಜೆಗೆ ಅಂಗಾಲಿಗೆ ರೊಟ್ಟಿಯಷ್ಟು ಮಣ್ಣು ಅಂಟುತ್ತಿತ್ತು. ಮುಂದಿನ ಹೆಜ್ಜೆಗೆ ಅದರ ಮೇಲೆ ಇನ್ನೊಂದು ರೊಟ್ಟಿ. ಶಾಲೆ ಮುಟ್ಟುವ ಹೊತ್ತಿಗೆ ನಾವೆಲ್ಲ ಒಂದು ಗೇಣು ಎತ್ತರ ಆಗಿರುತ್ತಿದ್ದೆವು. ನಡುವೆ ಒಂದು ಕಾಲಿನ ಮಣ್ಣು ಕಳಚಿ ಬಿದ್ದರೆ ಇನ್ನೊಂದು ಕಾಲು ಎತ್ತರವಾಗಿ, ಕುಂಟುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ನಗುತ್ತಿದ್ದೆವು. ಮನೆಗೆ ಬಂದು ಸೊಂಟ ನೋಯುತ್ತದೆ ಎಂದರೆ "ಹುಡುಗರಿಗೆ ಸೊಂಟ ಎಲ್ಲಿರತದ?" ಎನ್ನುತ್ತಿದ್ದಳು ನಮ್ಮವ್ವ. ಆ ಮಾತು ನಿಜ. ಸೊಂಟ ಇದೆ ಎಂದು ಗೊತ್ತಾಗುವುದು ಅದು ಹೋದ ಮೇಲೆಯೇ.

ಮೊದಲ ಚಪ್ಪಲಿ ಬಂದದ್ದು ಮದುವೆಯಲ್ಲಿ. ಆದರೆ ಊರ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರೆ ಸೊಸೆಯಂದಿರು ಚಪ್ಪಲಿ ಮೆಟ್ಟಿಕೊಂಡು ಮುಂದೆ ಹಾಯುವಂತಿರಲಿಲ್ಲ. ಕಳಚಿ ಕೈಯಲ್ಲಿ ಹಿಡಿದು, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಬೇಕು. ಕಾಗಿನೆಲೆ ಸಮೀಪದ ಈ ಊರಿನಲ್ಲಿ ಹಿರಿಯರಿಗೆ ಕಟ್ಟೆ ಬಿಟ್ಟರೆ ಬೇರೆ ಜಾಗವೂ ಇರಲಿಲ್ಲ. ಹೀಗಾಗಿ ನನ್ನ ಮೊದಲ ಜೋಡಿ ಕಾಲಿನಲ್ಲಿ ನಡೆದದ್ದಕ್ಕಿಂತ ಕೈಯಲ್ಲಿ ನಡೆದದ್ದೇ ಹೆಚ್ಚು.

ಇರಲಿ. ಕಾಲಿನ ವಿಷಯ ನಿಮಗೆ ಗೊತ್ತೇ ಇದೆ. ಸಕ್ಕರೆ ಬೇನೆ, ಉಗುರು ಸುತ್ತು, ಅದು ಹುಣ್ಣು, ಹುಣ್ಣು ಕಪ್ಪು. ದೊಡ್ಡಾಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಗೊತ್ತಿಲ್ಲದ್ದು ಅದರ ಮುಂದಿನದು.

ಆಸ್ಪತ್ರೆಯಿಂದ ಬಂದ ಮೇಲೆ ಮೊಂಡುಗಾಲನ್ನು ತೊಳೆದು, ಒರೆಸಿ, ಪಟ್ಟಿ ಸುತ್ತುತ್ತಿದ್ದವರು ನಿಮ್ಮ ಅಜ್ಜ. ಹೊಲದ ಕೆಲಸದ ಒರಟು ಕೈ. ಆದರೆ ಪಟ್ಟಿ ಸುತ್ತುವಾಗ ಕೂಸಿಗೆ ಕುಂಚಿಗೆ ಕಟ್ಟಿದಂತೆ ಕಟ್ಟುತ್ತಿದ್ದರು. ಅವರನ್ನು ಬಿಟ್ಟು ಮನೆಯಲ್ಲಿ ಬೇರೆ ಯಾರಿಗೂ ನಾನು ಅದನ್ನು ತೋರಿಸಲಿಲ್ಲ. ನಿಮ್ಮ ಅಪ್ಪನೂ ನೋಡಿಲ್ಲ. ಸೀರೆಯ ಉದ್ದ ಇನ್ನೆರಡು ಬೆರಳು ಹೆಚ್ಚಾಯಿತು, ಅಷ್ಟೇ.

ಆಮೇಲೆ ಹಾವೇರಿಯಲ್ಲಿ ಕೃತಕ ಕಾಲು ಕೊಡುವ ಶಿಬಿರ ಆಯಿತು. ದೊಡ್ಡದೊಂದು ಹಾಲಿನಲ್ಲಿ ಪ್ಲಾಸ್ಟರಿನ ವಾಸನೆ, ಗದ್ದಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟಿದ್ದರು. ಅಂಥ ಚಪ್ಪಲಿ ರಾಶಿಯನ್ನು ನಾನು ಎಲ್ಲಿಯೂ ಕಂಡಿಲ್ಲ, ಎಲ್ಲವೂ ಒಂಟಿ. ಒಳಗೆ ನಮ್ಮನ್ನು ಬರಿಗಾಲಲ್ಲಿ ನಿಲ್ಲಿಸಿ, ಅಳತೆ ನೋಡಿ, ಕೆಳಗೆ ರಬ್ಬರಿನ ಪಾದ ಇರುವ ಕಾಲನ್ನು ನನ್ನ ಬಲಗಾಲಿಗೆ ಸಮ ಮಾಡಿ ಕೊಟ್ಟರು. ಅವರ ಕೆಲಸ ಸರಿಯಾಗಿಯೇ ಇತ್ತು. ಇನ್ನೂ ಏನೇನೋ ಹೇಳಿದರು. ನಾನು ಕೆಳಗೆ ನೋಡುತ್ತ ಎಲ್ಲದಕ್ಕೂ ಹೂಂಗುಟ್ಟಿದೆ.

ಹೊರಗೆ ಬಂದು ನನ್ನ ನೀಲಿ ಚಪ್ಪಲಿ ಹುಡುಕುತ್ತಿದ್ದೆ. ನನ್ನ ವಯಸ್ಸಿನ ಒಬ್ಬ ಹೆಂಗಸು ಗೋಡೆ ಹಿಡಿದು ನಿಂತು ತನ್ನದನ್ನು ಹುಡುಕುತ್ತಿದ್ದಳು. ಅವಳದೂ ನೀಲಿ. ನನ್ನದು ಬಲಗಾಲಿನದು, ಅವಳದು ಎಡಗಾಲಿನದು. ಎರಡನ್ನೂ ಊರುಗೋಲಿನಿಂದ ನೂಕಿ ಪಕ್ಕಪಕ್ಕ ಇಟ್ಟಳು. ಅಳತೆಯೂ ಒಂದೇ.

"ನೋಡ್ರಿ ಅಕ್ಕಾರ, ನಿಮ್ಮದು ನಂದು ಕೂಡಿಸಿದ್ರ ಒಬ್ಬಾಕಿ ಪೂರಾ ಹೆಂಗಸು ಆತು!"

ನಾನು ನಕ್ಕುಬಿಟ್ಟೆ. ಕಾಲು ಹೋದ ಮೇಲೆ ನಕ್ಕದ್ದು ಅದೇ ಮೊದಲು. ದೂರ ನಿಂತಿದ್ದ ನಿಮ್ಮ ಅಜ್ಜ, ನಕ್ಕವಳು ನಾನೇ ಹೌದೋ ಅಲ್ಲವೋ ಎಂದು ಹತ್ತಿರ ಬಂದು ನೋಡಿದರು.

ಅವಳೇ ಹುಸೇನಬಿ. ಬ್ಯಾಡಗಿಯವಳು. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತುಂಬಿದ ಟ್ರ್ಯಾಕ್ಟರಿನ ಟ್ರೇಲರು ಹಿಂದಕ್ಕೆ ಸರಿದು ಅವಳ ಬಲಗಾಲಿನ ಮೇಲೆ ಹಾದಿತ್ತು. ಮೊಣಕಾಲಿನ ಮೇಲೆ ಕಡಿದಿದ್ದರು. ನನಗಿಂತ ಕಷ್ಟದ ಕಾಲು ಅವಳದು, ನನಗಿಂತ ದೊಡ್ಡ ಬಾಯಿ.

ರಬ್ಬರಿನ ಪಾದಕ್ಕೆ ಚಪ್ಪಲಿ ನಿಲ್ಲುವುದಿಲ್ಲ. ಬೆರಳಿಗೆ ಹಿಡಿತ ಇಲ್ಲ, ಹೆಜ್ಜೆ ಎತ್ತಿದರೆ ಜಾರಿ ಹಿಂದೆ ಉಳಿಯುತ್ತದೆ. ಆದ್ದರಿಂದ ನಾವಿಬ್ಬರೂ ಜೀವ ಇರುವ ಕಾಲಿಗೆ ಮಾತ್ರ ಮೆಟ್ಟುತ್ತಿದ್ದೆವು. ಜೀವ ಇಲ್ಲದ್ದಕ್ಕೆ ಮುಳ್ಳು ಚುಚ್ಚಿದರೇನು, ಬಿಸಿಲು ಸುಟ್ಟರೇನು? ಹುಸೇನಬಿಯೇ ಉಪಾಯ ಮಾಡಿದಳು. ಒಂದು ಸಲ ಅವಳು, ಒಂದು ಸಲ ನಾನು ಒಂದು ಜೋಡಿ ಕೊಳ್ಳುವುದು. ಬಲದ್ದು ನನಗೆ, ಎಡದ್ದು ಅವಳಿಗೆ. ಅಂಗಡಿಯವನಿಗೆ ಅವಳು ಹೇಳುತ್ತಿದ್ದಳು: "ಗಟ್ಟಿ ಕೊಡಪಾ, ದಪ್ಪ ಅಟ್ಟೀದು. ಎರಡ ಮನಿ ನಡೀಬೇಕು ಇದರ ಮ್ಯಾಲೆ." ನಮಗಿಬ್ಬರಿಗೂ ಆ ಜಾಣತನದ ಬಗ್ಗೆ ಬಹಳ ಹೆಮ್ಮೆ. ವರ್ಷಗಟ್ಟಲೆ ಹಾಗೆ ನಡೆದೆವು.

ಸುಗ್ಗಿಯ ದಿನಗಳಲ್ಲಿ ಅವಳ ಮನೆಗೆ ಹೋದರೆ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರ ನಡುವೆ ನೆಲದ ಮೇಲೆ ಕೂತಿರುತ್ತಿದ್ದಳು. ಕೃತಕ ಕಾಲನ್ನು ಕಳಚಿ ಬೆನ್ನಿಗೆ ಒರಗಿಸಿಕೊಂಡು, ಒಂದು ಕಾಲು ಮಡಚಿ, ಮೊಂಡನ್ನು ಮುಂದೆ ಚಾಚಿ, ಸೊಂಟ ತಿರುವಿ ಕೂರುವುದು. ಮುಂದೆ ಕೆಂಪು ರಾಶಿ. ಒಮ್ಮೆ ಕೆಲಸ ಮುಗಿಸಿ ಕೈ ತೊಳೆಯದೆ ಕಾಲುಚೀಲ ಹಾಕಿಕೊಂಡಳು. ಮೊಂಡಿನ ಹಸಿ ಚರ್ಮಕ್ಕೆ ಖಾರ ಹತ್ತಿ ಓಣಿಯೆಲ್ಲ ಕೇಳುವಂತೆ ಕೂಗಿದಳು. ಉರಿ ಆರಿದ ಮೇಲೆ ಕಣ್ಣು ಒರೆಸಿಕೊಂಡು, "ಬ್ಯಾಡಗಿ ಮೆಣಸಿನಕಾಯಾಗ ಬರೇ ಬಣ್ಣ, ಖಾರ ಇಲ್ಲ ಅಂತಾರಲ್ಲ, ಅವರು ನನ್ನ ಕಾಲು ಕೇಳಲಿ!" ಎಂದಳು.

ಸೊಂಟ ನೋವು ಯಾವಾಗ ಬಂತೆಂದು ನಾನು ಹೇಳಲಾರೆ. ಮುಂಬಾಗಿಲಿನಿಂದ ಬರುವ ನೆಂಟನಲ್ಲ ಅದು. ನಿಮ್ಮ ಅಜ್ಜ ಹೊಲದ ಬದುವಿನಲ್ಲಿ ನನ್ನ ಹಿಂದೆ ನಡೆಯುತ್ತ, "ಎಡಕ್ಕ ವಾಲಾಕತ್ತಿ ನೋಡು" ಎನ್ನುತ್ತಿದ್ದರು. ನಾನು ನೆಟ್ಟಗಾಗುತ್ತಿದ್ದೆ, ನಾಲ್ಕು ಮಾರು ಹೋದರೆ ಮತ್ತೆ ವಾಲುತ್ತಿದ್ದೆ. ಸಂಜೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ತಿಕ್ಕಿದಾಗ ಹೋಗುತ್ತಿತ್ತು.

ಆಮೇಲೆ ಅವರೇ ಹೋದರು. ಹೊಲದಿಂದ ಬಂದು, ನೀರು ಕೇಳಿ, ನಾನು ತಂಬಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿದ್ದರು. ಬಂದವರೆಲ್ಲ "ಕಾಲಿಲ್ಲದಾಕಿನ್ನ ಬಿಟ್ಟ ಹೋದ" ಎಂದು ಅತ್ತರು. ನನ್ನ ಅಳು ಬೇರೆ ಇತ್ತು. ಹಿಂದಿನಿಂದ ನನ್ನ ನಡಿಗೆ ನೋಡುವವರು ಇನ್ನು ಯಾರೂ ಇಲ್ಲ. ಬೆನ್ನಿಗೆ ಎಣ್ಣೆ ಹಚ್ಚು ಎಂದು ವಿಧವೆ ಹೆಂಗಸು ಯಾರಿಗೆ ಹೇಳುತ್ತಾಳೆ? ಸೊಸೆ ಒಳ್ಳೆಯವಳು, ಕೇಳಿದ್ದರೆ ಹಚ್ಚುತ್ತಿದ್ದಳು. ನನಗೆ ಕೇಳಲು ಬಾಯಿ ಬರಲಿಲ್ಲ.

ನೋವು ಹೆಚ್ಚಿತು. ಕಾಲು ಹೋದದ್ದು ಎಲ್ಲರಿಗೂ ಕಾಣುತ್ತದೆ, "ಕಾಲು ಹ್ಯಾಂಗೈತಿ" ಎಂದು ಕೇಳುತ್ತಾರೆ. ಕಾಲು ನೋಯುವುದಿಲ್ಲ. ಇಲ್ಲದ್ದು ಏನು ನೋಯುತ್ತದೆ? ನೋಯುವುದು ಅದರ ಭಾರ ಹೊತ್ತ ಸೊಂಟ. ಬೆನ್ನಿನ ಬುಡದಲ್ಲಿ ದನ ಕಟ್ಟುವ ಗೂಟ ಹೊಡೆದಂತೆ. ಏಳುವಾಗ ಒಂದು ಬಗೆ, ಕೂರುವಾಗ ಒಂದು ಬಗೆ. ಸೀನು ಬಂದರೆ ದೇವರೇ ಗತಿ. ಡಾಕ್ಟರು ಗುಳಿಗೆ ಕೊಟ್ಟು, ಸೊಂಟಕ್ಕೆ ಪಟ್ಟಾ ಕೊಟ್ಟು, "ಓಡಾಟ ಕಡಿಮಿ ಮಾಡ್ರಿ" ಎಂದರು.

ಮನೆಯವರಿಗೆ ಅಷ್ಟೇ ಸಾಕಾಯಿತು. "ಕುಂದ್ರಬೇ", "ನೀ ಏಳಬ್ಯಾಡ", "ನಾ ತರತೀನಿ" ಎಂಬ ಮಾತೇ ಮಾತು. ಟಿವಿ ಎದುರಿಗೆ ಮಂಚ ಬಂತು. ಊಟ, ಚಹಾ ಎಲ್ಲ ಮಂಚಕ್ಕೇ. ಮೊದಲು ನನಗೂ ಸುಖ ಅನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಧಾರಾವಾಹಿಯ ಅತ್ತೆಯರು ಸೊಸೆಯರಿಗೆ ವಿಷ ಹಾಕುವುದನ್ನು ನೋಡುತ್ತ ಅವಲಕ್ಕಿ ತಿನ್ನುತ್ತಿದ್ದೆ. ಆದರೆ ಮಲಗಿದಷ್ಟೂ ಸೊಂಟ ಕಲ್ಲಾಯಿತು. ತೊಡೆ ಸಣ್ಣಗಾಯಿತು. ಕೃತಕ ಕಾಲು ಹಾಕಿದರೆ ಅದರ ಬಟ್ಟಲಿನಂಥ ಬಾಯಿಯೊಳಗೆ ಮೊಂಡು ಅಲುಗಾಡತೊಡಗಿತು. ಒಂದು ದಿನ ಏಳಲು ಹೋದರೆ ಏಳಲಾಗಲಿಲ್ಲ.

ಅವತ್ತು ನಿಮ್ಮ ಅಪ್ಪ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲ ಸಂಡಾಸಕ್ಕೆ ಹೋದ. ಬಾಗಿಲ ಹೊರಗೆ ನಿಂತು, "ಆತೇನಬೇ?" ಎಂದು ಕೇಳಿ, ಮತ್ತೆ ಎತ್ತಿಕೊಂಡು ಬಂದ. ಅವನ ಮುಖದಲ್ಲಿ ಅಸಹ್ಯ ಇರಲಿಲ್ಲ. ಪ್ರೀತಿಯೇ ಇತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಾಲು ಕಡಿಯುವಾಗಲೂ ಅಷ್ಟು ಬಿಗಿಯಾಗಿ ಮುಚ್ಚಿರಲಿಲ್ಲ. ಇನ್ನು ಸಾಯುವ ತನಕ ದಿನವೂ ಹೀಗೆಯೇ ಎಂದು ತಿಳಿದಾಗ, ನನಗೆ ಬೇಕಾದದ್ದು ಈ ಲೋಕದಲ್ಲಿ ಒಂದೇ ಉಳಿಯಿತು: ನನ್ನ ಹಿತ್ತಲಿಗೆ ನಾನೇ ಹೋಗಿಬರುವುದು.

ಮರುದಿನದಿಂದ ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಚಹಾ ತಂದರೆ ಅರ್ಧ ಬಿಟ್ಟೆ. ಫೋನಿನಲ್ಲಿ ಹುಸೇನಬಿಗೂ ಹೇಳಿದೆ.

"ನಾನೂ ಹಂಗ ಮಾಡಾಕತ್ತೇನಿ ಗೌರಕ್ಕ. ಸೊಂಟ ಬಿದ್ದ ಹೋಗೇತಿ. ದಾದಾಪೀರ ಎತಕೊಂಡ ಹೋಗ್ತಾನ. ಗಡ್ಡ ಬಂದ ಮಗ. ಗುಟುಕ ನೀರ ಇಳಿಸಿದ್ರ ಅಂವನ ಮಾರಿ ನೆನಪಾಗತದ."

ನಾವು ಆ ಚಪ್ಪಲಿಯ ಹಾಗೆ ಈ ಉಪಾಯವನ್ನೂ ಇಬ್ಬರೂ ಹಂಚಿಕೊಂಡಿದ್ದೆವು.

ನನಗೆ ಉರಿಮೂತ್ರ, ಆಮೇಲೆ ಚಳಿಜ್ವರ ಬಂತು. ರಾಣೆಬೆನ್ನೂರಿನ ಒಂದು ಆಸ್ಪತ್ರೆಯಲ್ಲಿ ಹಾಕಿದರು. ಜ್ವರ ಇಳಿದ ಮೇಲೆ, ಬಿಳಿ ಅಂಗಿಯ ಒಬ್ಬ ಹುಡುಗಿ ಬಂದಳು. ವ್ಯಾಯಾಮ ಮಾಡಿಸುವ ಡಾಕ್ಟರಂತೆ. ಹುಡುಗಿಯಾದದ್ದರಿಂದ ನಾನು ಸೀರೆ ಮೊಣಕಾಲ ತನಕ ಎತ್ತಿದೆ. ಮೊದಲು ಕೈಕಾಲು ಆಡಿಸಿ ನೋಡಿದಳು. ಎರಡು ದಿನ ಬಿಟ್ಟು, ಸಡಿಲಾದಲ್ಲಿ ಬಟ್ಟೆ ಸುತ್ತಿ ಕೃತಕ ಕಾಲು ಹಾಕಿಸಿ, ಗೋಡೆಯ ಸರಳು ಹಿಡಿಸಿ ನಿಲ್ಲಿಸಿದಳು.

"ಮನ್ಯಾಗ ಹ್ಯಾಂಗ ನಡೀತಿದ್ರಿ ಹಂಗ ನಿಲ್ಲ್ರಿ ಅಮ್ಮಾರ. ಚಪ್ಪಲಿ ಹಾಕ್ಕೊಳ್ರಿ."

ಹಾಕಿಕೊಂಡೆ. ಅವಳು ಹಿಂದೆ ಕೂತು ನನ್ನ ಸೊಂಟದ ಎರಡೂ ಎಲುಬಿನ ಮೇಲೆ ಕೈ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು.

"ಇನ್ನೊಂದ ಚಪ್ಪಲಿ ಎಲ್ಲೈತ್ರಿ?"

"ಬ್ಯಾಡಗ್ಯಾಗ ಐತ್ರಿ."

ಅವಳು ನಕ್ಕಳು, ನನ್ನ ಜೊತೆಗಿದ್ದ ನಿಮ್ಮ ಅವ್ವನೂ ನಕ್ಕಳು. ನಾನು ಹುಸೇನಬಿಯ ಸಂಗತಿ ಹೇಳಿದೆ. ಹೇಳುತ್ತ ಹೋದಂತೆ ಹುಡುಗಿಯ ನಗು ಇಳಿಯಿತು. ಮೇಜಿನ ಮೇಲಿದ್ದ ಪೇಪರನ್ನು ಮಡಚಿ ಮಡಚಿ ನನ್ನ ರಬ್ಬರಿನ ಪಾದದ ಕೆಳಗೆ ಸರಿಸಿದಳು. ಸೊಂಟದಲ್ಲಿ ಯಾರೋ ಇಷ್ಟು ವರ್ಷ ಹಿಡಿದಿದ್ದ ಮುಷ್ಟಿಯನ್ನು ಬಿಚ್ಚಿದಂತಾಯಿತು.

"ಈ ಕಾಲು ಬರಿಗಾಲಿಗೆ ಸಮ ಮಾಡ್ಯಾರ್ರಿ. ನೀವು ಒಂದಕ್ಕ ಅಷ್ಟ ದಪ್ಪನ ಚಪ್ಪಲಿ ಹಾಕೀರಿ. ಅಂದ್ರ ಪ್ರತಿ ಹೆಜ್ಜಿಗೆ ಎಡಗಾಲು ಒಂದು ತಗ್ಗಿನ್ಯಾಗ ಬಿದ್ದಂಗ. ಸೊಂಟ ಎಷ್ಟಂತ ತಾಳೀತು? ಮ್ಯಾಲೆ ಮತ್ತ ಮಲಗಿಬಿಟ್ರಿ. ಮಲಗಿದ್ರ ಇದ್ದ ಶಕ್ತೀನೂ ಹೋಗ್ತದ."

ಹಿಂದೆ ಪಟ್ಟಿ ಇರುವ ಚಪ್ಪಲಿ ತೊಗೊಂಡು ಎರಡಕ್ಕೂ ಹಾಕಿ, ಇಲ್ಲವೇ ಎರಡಕ್ಕೂ ಬೇಡ ಎಂದಳು. ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು. ಹೊಟ್ಟೆಯ ಮೇಲೆ ಮಲಗಬೇಕು. ಮೊಂಡುಗಾಲಿನ ಕೆಳಗೆ ದಿಂಬು ಇಡಲೇಬಾರದು; ಇಟ್ಟರೆ ಅದು ಬಾಗಿದಲ್ಲೇ ಸೆಟೆದು ನಿಲ್ಲುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ.

ನಿಮ್ಮ ಅವ್ವ ಖುಷಿಯಿಂದ ಫೋನು ಮಾಡಿ ಎಲ್ಲರಿಗೂ ಹೇಳಿದಳು. ನನಗೆ ಖುಷಿ ಆಗಲಿಲ್ಲ. ಹುಸೇನಬಿ ಹಾಸಿಗೆ ಹಿಡಿದು ಆಗಲೇ ಬಹಳ ತಿಂಗಳಾಗಿತ್ತು. ನನ್ನ ಪಾಳಿಗೆ ಕೊಂಡ ಕೊನೆಯ ಜೋಡಿಯ ಎಡದ್ದನ್ನು ಅವಳಿಗೆ ಮುಟ್ಟಿಸುವ ಮೊದಲೇ ಮಲಗಿದ್ದಳು; ಟ್ರಂಕಿನಲ್ಲಿ ಸಿಕ್ಕದ್ದು ಅದೇ.

ಬಸ್ಸು ಹತ್ತುವಷ್ಟು ಬಲ ಬಂದ ದಿನ ಬ್ಯಾಡಗಿಗೆ ಹೊರಟೆ. "ಫೋನಿನ್ಯಾಗ ಹೇಳಿದ್ರ ಆಗೂದಿಲ್ಲೇನಬೇ?" ಎಂದ ನಿಮ್ಮ ಅಪ್ಪ. ಆಗುವುದಿಲ್ಲ ಎಂದೆ. ಊರು ಸಮೀಪಿಸಿದಂತೆ ಬಸ್ಸಿನಲ್ಲಿದ್ದವರೆಲ್ಲ ಸೀನತೊಡಗಿದರು, ಮೆಣಸಿನಕಾಯಿ ಘಾಟು. ನಾನು ಸೊಂಟಕ್ಕೆ ಕೈ ಕೊಟ್ಟು ಸೀನಿದೆ.

ಹುಸೇನಬಿ ಕಿಟಕಿ ಪಕ್ಕದ ಮಂಚದ ಮೇಲಿದ್ದಳು. ಅವಳ ಕೃತಕ ಕಾಲನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, ಧೂಳು ಕೂರದಂತೆ ಹಳೆಯ ದುಪಟ್ಟಾ ಸುತ್ತಿದ್ದರು. ನಾನು ಬಾಗಿಲಲ್ಲಿ ಕಂಡ ಕೂಡಲೇ, "ಬಂದ್ಯಾ, ನನ್ನ ಅರ್ಧಾ?" ಎಂದಳು. ದೊಡ್ಡ ಬಾಯಿ ಹಾಗೇ ಇತ್ತು, ಮುಖ ಮಾತ್ರ ಚಿಕ್ಕದಾಗಿತ್ತು. ಹೊದಿಕೆ ಸರಿಸಿ ನೋಡಿದೆ. ಮೊಂಡಿನ ಕೆಳಗೆ ಎರಡು ದಿಂಬು. ಮೆತ್ತನೆಯವು, ಕಸೂತಿ ಹಾಕಿದ್ದವು. ಸೊಸೆ ಶಮೀಮ ತನ್ನ ಕೈಯಿಂದ ಹಾಕಿದ ಕಸೂತಿ.

ಮಗ ದಾದಾಪೀರ ಪಂಕ್ಚರ್ ಅಂಗಡಿಯಿಂದ ಬಂದ. ನಾನು ಪರಗಂಡಸರ ಎದುರಿಗೆ ಮಾತಾಡಿದವಳಲ್ಲ. ಶಮೀಮಳ ಕಡೆ ಮುಖ ಮಾಡಿ, "ನಿನ್ನ ಗಂಡಗ ಹೇಳವಾ, ಅಮ್ಮೀನ ಎಬ್ಬಿಸಿ ನಿಲ್ಲಿಸಬೇಕಂತ" ಎಂದೆ.

ಅವನು ನೇರ ನನಗೇ ಹೇಳಿದ: "ಮೌಶಿ, ನಿಮಗ ಗೊತ್ತಿಲ್ಲ. ನಡದ ನಡದ, ದುಡದ ದುಡದ ಅಮ್ಮೀ ಸೊಂಟ ಹೋತು. ಇನ್ನ ನಡಸೂದು ಬ್ಯಾಡ. ನಾ ಅದೀನಲ್ಲ, ಹೊತಗೊಂಡ ತಿರಗತೀನಿ."

ಅವನು ಹಾಗೆ ಅಂದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ. ಬಾಗಿಲ ಚೌಕಟ್ಟು ನೋಡುತ್ತ ಎಲ್ಲವನ್ನೂ ಹೇಳಿದೆ. ನಡೆದದ್ದರಿಂದ ಅಲ್ಲ, ಒಂಟಿ ಚಪ್ಪಲಿಯಲ್ಲಿ ನಡೆದದ್ದರಿಂದ, ಮಡಚಿದ ಪೇಪರು, ಹೊಟ್ಟೆಯ ಮೇಲೆ ಮಲಗುವುದು, ದಿಂಬು. ಶಾಲೆಯಲ್ಲಿ ಹಾಜರಿ ಹೇಳಲಾಗದವಳು ಅವತ್ತು ಅಷ್ಟು ಮಾತಾಡಿದೆ.

ಹುಸೇನಬಿಯೇ ಮೊದಲು ನಕ್ಕಳು.

"ಯಾ ಅಲ್ಲಾ! ಒಂದ ಜೋಡಿ ಉಳಸಾಕ ಹೋಗಿ ಎರಡ ಸೊಂಟ ಕಳಕೊಂಡ್ವಲ್ಲ ಗೌರಕ್ಕ! ದಪ್ಪ ಅಟ್ಟೀದು ಕೊಡಪಾ ಅಂತ ಬ್ಯಾರೆ ಕೇಳಿ ಕೇಳಿ ತೊಗೊಂಡ್ವಿ!"

ನಗುತ್ತ ನಗುತ್ತ ಸೆರಗು ಮುಖದ ಮೇಲೆ ಎಳೆದುಕೊಂಡಳು. ಸೆರಗಿನೊಳಗೆ ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಮುಖ ತೆಗೆಯದೆಯೇ, "ದಾದ್ಯಾ, ಆ ದಿಂಬು ತಗಿ" ಎಂದಳು.

ಅವಳನ್ನು ಮೆಲ್ಲಗೆ ಹೊಟ್ಟೆಯ ಮೇಲೆ ಹೊರಳಿಸಿದೆವು. ಮೊಂಡುಗಾಲು ಹಾಸಿಗೆಗೆ ಇಳಿಯಲಿಲ್ಲ. ಸೊಂಟದ ಕೆಳಗೆ ಬಾಗಿದ್ದು ಬಾಗಿದಂತೆಯೇ ನಿಂತು, ಅವಳ ಬದಿಯನ್ನು ಹಾಸಿಗೆಯಿಂದ ಮೇಲಕ್ಕೆ ಎತ್ತಿತ್ತು. ನಾನು ಅಂಗೈ ಇಟ್ಟು ಒಂದಿಷ್ಟು ಒತ್ತಿದೆ. ಅವಳು ಚೀರಿದ ಚೀರಾಟದ ಮುಂದೆ ಖಾರ ಹತ್ತಿದ ದಿನ ಕೂಗಿದ್ದು ಏನೂ ಅಲ್ಲ. ದಾದಾಪೀರ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ನಾನು ಒತ್ತುವುದು ಬಿಟ್ಟು ಅವಳ ಬೆನ್ನಿಗೆ ಎಣ್ಣೆ ಹಚ್ಚಿದೆ. ನಿಮ್ಮ ಅಜ್ಜ ತಿಕ್ಕುತ್ತಿದ್ದ ಹಾಗೆ, ಕೆಳಗಿನಿಂದ ಮೇಲಕ್ಕೆ. ಬೆನ್ನು ತೊಳೆದಿಟ್ಟ ಮೊರದ ಹಾಗೆ ಎಲುಬೆಲುಬು. ತಲೆದಿಂಬಿನಲ್ಲಿ ಮುಖ ಇಟ್ಟುಕೊಂಡೇ ಅವಳು ಕೇಳಿದಳು: "ಖರೇ ಹೇಳು. ಆ ಕಾಲು ನಾ ಮತ್ತ ಹಾಕತೇನೇನು?"

ಗೂಟದ ಮೇಲಿನ ಕಾಲು ನೋಡಿದೆ. ಸುಳ್ಳು ಹೇಳಬೇಕೆಂದುಕೊಂಡೆ, ಬರಲಿಲ್ಲ.

"ಅದು ಆಗಲಿಕ್ಕಿಲ್ಲ. ವಾಕರ್ ಹಿಡಕೊಂಡು, ಇರೂ ಕಾಲಿನ ಮ್ಯಾಲೆ, ಸಂಡಾಸದ ತನಕ ಹೋದ್ರ ಸಾಕಲ್ಲ?"

ಅವಳು ಹೇಳಿದಳು: "ಅಷ್ಟ ಆದ್ರ ಸಾಕು. ಉಳದದ್ದೆಲ್ಲಾ ದಾದ್ಯಾ ಹೊರಲಿ."

ಆಮೇಲೆ ದಿನಾ ಫೋನು ಮಾಡಿ ಬೈಯುತ್ತಿದ್ದಳು. "ನಿನ್ನ ಹೆಸರ ತೊಗೊಂಡು ಬೈಕೋತ ಮಕಾಡಿ ಬಿದ್ದಿದ್ದೆ ಈಗ." ದಾದಾಪೀರ ಆಸ್ಪತ್ರೆಗೂ ಕರೆದೊಯ್ದ, ವಾಕರ್ ತಂದ. ಮಂಚದ ಪಕ್ಕ ನಿಲ್ಲುವುದು, ಕೂರುವುದು, ಒಂದು ಕುಪ್ಪಳಿಸು, ಮತ್ತೆ ಕೂರುವುದು. ಕೆಲವು ದಿನ ಬಾಗಿಲವರೆಗೆ ಮುಟ್ಟಿದೆ ಎಂದು ಹೇಳುತ್ತಿದ್ದಳು. ಕೆಲವು ದಿನ ಮಾತೇ ಇಲ್ಲ, ಬರೀ ಉಸಿರು. ಆ ದಿನಗಳಲ್ಲಿ ಮತ್ತೆ ಮಗನ ಕೈ ಬೇಕಾಗಿರುತ್ತಿತ್ತೆಂದು ನಾನು ತಿಳಿದುಕೊಳ್ಳುತ್ತಿದ್ದೆ. ಅವಳು ಕೃತಕ ಕಾಲನ್ನು ಮತ್ತೆ ಹಾಕಲೇ ಇಲ್ಲ.

ಮಳೆಗಾಲದಲ್ಲಿ ಎದೆ ಕಟ್ಟಿ ಹೋದಳು. ನಾನು ಬ್ಯಾಡಗಿ ಮುಟ್ಟುವಷ್ಟರಲ್ಲಿ ಮಣ್ಣಿಗೆ ಒಯ್ದಿದ್ದರು. ಹೆಂಗಸರ ನಡುವೆ ಕೂತಿದ್ದೆ. ದಾದಾಪೀರ ಒಳಗೆ ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತ.

"ಮೌಶಿ, ನಿನ್ನೆ ಮುಂಜಾನೆ ಅಮ್ಮೀ ನನ್ನ ಕೈ ಹಚ್ಚಗೊಡಲಿಲ್ಲ. ಉಸರ ಬಿಡಾಕ ಆಗವಲ್ದು, ಆದ್ರೂ ವಾಕರ್ ಹಿಡದು ತಾನ ಹೋಗಿ ಬಂದ್ಲು. ನಾ ಹಿಂದ ಹೋದ್ರ 'ದೂರ ನಿಲ್ಲು' ಅಂತ ಬೈದ್ಲು. ಅಮ್ಮೀನ ಹೊತ್ತರ ಪುಣ್ಯಾ ಅಂತ ಹೊತ್ತೀನಿ ಮೌಶಿ. ನನ್ನ ಕೈ ಯಾಕ ಬ್ಯಾಡಾತು ಆಕಿಗೆ? ನಾ ಏನ ಕಡಿಮಿ ಮಾಡಿದ್ದೆ?"

ಅಷ್ಟು ದೊಡ್ಡ ಗಂಡಸು ಚಿಕ್ಕ ಹುಡುಗನ ಹಾಗೆ ಅತ್ತ. ನನಗೆ ಉತ್ತರ ಗೊತ್ತಿತ್ತು, ಬಾಯಿ ಬರಲಿಲ್ಲ. ಅವನ ತಲೆಯ ಮೇಲೆ ಕೈ ಇಟ್ಟು ಎದ್ದು ಬಂದೆ.

ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳಲು ಇಷ್ಟೆಲ್ಲ ಬರೆದೆ. ಈಚೆಗೆ ನನ್ನ ಬಲಗಾಲಿನ ಕಿರುಬೆರಳ ಬದಿ ಮುಟ್ಟಿದರೆ ತಿಳಿಯುವುದಿಲ್ಲ. ಹಾವೇರಿಯ ಡಾಕ್ಟರು ಸೂಜಿ ಮುಟ್ಟಿಸಿ ನೋಡಿ, ನಿಮ್ಮ ಅಪ್ಪನನ್ನು ಹೊರಗೆ ಕರೆದು ಮಾತಾಡಿದರು. ಅಂಗಳದಲ್ಲಿ ನಡೆಯುವುದನ್ನು ನಾನು ಬಿಟ್ಟಿಲ್ಲ. ನೀವು "ಆಯೀ, ಸಾಕು, ಕುಂದ್ರು" ಎಂದಾಗಲೆಲ್ಲ ಕೇಳದವಳಂತೆ ಇನ್ನೊಂದು ಸುತ್ತು ಹೋಗುತ್ತೇನೆ.

ಈ ಕಾಲೂ ಹೋಗುವ ದಿನ ಬಂದರೆ ನಿಮ್ಮ ಅಪ್ಪ ನನ್ನನ್ನು ಎತ್ತಿಕೊಳ್ಳಲು ಬರುತ್ತಾನೆ. ಅವನು ಒಳ್ಳೆಯವನು, ಅವನ ಮನಸ್ಸು ನೋಯದಂತೆ ನಾಲ್ಕು ಮಾತು ಹೇಳಿ ಅವನನ್ನು ಪಡಸಾಲೆಯಲ್ಲೇ ನಿಲ್ಲಿಸಿಕೊಳ್ಳಿ. ನಾನು ತೆವಳಿಕೊಂಡು ಹೋದರೂ ನೋಡಬೇಡಿ, ಕೈ ಹಚ್ಚಬೇಡಿ. ಹಿತ್ತಲ ಬಾಗಿಲು ತೆರೆದಿಟ್ಟಿರಿ, ಅಷ್ಟು ಸಾಕು.